ಮರಳಿದ ಗಾಡಿಗೆ ಮಜ್ಜಿಗೆ

ನಮ್ಮ ಊರಿನಲ್ಲಿ ಡ್ರೈವಿಂಗ್ ಲೈಸೆನ್ಸ್ ಕೊಡುವಾಗ ಬ್ರೇಕು ಮತ್ತು ಆಕ್ಸಿಲರೇಟರ್ ತುಳಿಯಲು ಬರುತ್ತದೆಯೇ ಎಂದಷ್ಟೇ ನೋಡುತ್ತಾರೆ. ಸ್ಟೀರಿಂಗನ್ನು ಹಿಡಿದುಕೊಂಡರೆ ಸಾಕು, ತಿರುಗಿಸಬೇಕಿಲ್ಲ. ಗಾಡಿ ಹತ್ತಿ, ಯಾರನ್ನು ನೋಡಬೇಕೋ ಅವರ ಹೆಸರು ಹೇಳಿ ಹೊರಟರೆ ರಸ್ತೆಯೇ ಗಾಡಿಯ ಮುಂದೆ ಸರಿಯುತ್ತ ಹೋಗಿ ಅವರ ಬಾಗಿಲಿಗೆ ಮುಟ್ಟಿಸುತ್ತದೆ. ನೀವು ಬರುವುದು ಅವರಿಗೆ ಬೇಡವಾಗಿದ್ದರೆ ಅದೇ ರಸ್ತೆ ಒಂದು ಸುತ್ತು ಹಾಕಿಸಿ ನಿಮ್ಮನ್ನು ನಿಮ್ಮದೇ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಇದು ಮೊದಲಿನಿಂದಲೂ ಹೀಗೇ. ವಿಮೆ ಮಾರುವವರು ನಮ್ಮಲ್ಲಿ ಬಾಳುವುದಿಲ್ಲ. ಬೀಗರ ಮನೆಗೆ ಹೋಗುವವರು ಬುತ್ತಿಯನ್ನು ಇಬ್ಬರಿಗೆ ಸಾಲುವಷ್ಟು ಕಟ್ಟಿಕೊಂಡು ಹೋಗುತ್ತಾರೆ, ತಿರುಗಿ ಬಂದರೆ ಮನೆಯಲ್ಲಿ ಅಡುಗೆ ಇರುವುದಿಲ್ಲ ಎಂದು. ನಾನು ಮೊಟ್ಟೆ ವ್ಯಾನು ಓಡಿಸುತ್ತೇನೆ. ಶ್ರಾವಣದಲ್ಲಿ ಯಾರ ಹೆಸರು ಹೇಳಿದರೂ ಸುತ್ತು ಹೊಡೆದು ನಮ್ಮ ಮನೆಗೇ ಬಂದು ಇಳಿಯುತ್ತೇನೆ.

ಮದುವೆ ಮಾತುಕತೆಯೂ ರಸ್ತೆಯದೇ. ಹುಡುಗಿಯನ್ನು ಯಾರೂ ಏನೂ ಕೇಳುವುದಿಲ್ಲ. ಗಂಡಿನ ಕಡೆಯವರು ಅವಳ ಹೆಸರು ಹೇಳಿ ಹೊರಡುತ್ತಾರೆ. ಗಾಡಿ ಬಂದರೆ ಅವಳು ಒಪ್ಪಿದ್ದಾಳೆ. ಆಮೇಲೆ ಅವಳ ಕಡೆಯವರು ಅವನ ಹೆಸರು ಹೇಳಿ ಹೊರಡುತ್ತಾರೆ. ಆ ಗಾಡಿಯೂ ಮುಟ್ಟಿದರೆ ಮದುವೆ ಗಟ್ಟಿ. ಮುಟ್ಟದೆ ಮರಳಿ ಬಂದ ಗಾಡಿಗೆ ಓಣಿಯವರು ಮಜ್ಜಿಗೆ ತಂದು ಕೊಡುತ್ತಾರೆ. ಕೊಡುವಾಗ "ದಾರಿ ಏನಂತು?" ಎಂದು ಕೇಳುವುದು ರೂಢಿ. ಉತ್ತರ ಯಾರೂ ಹೇಳುವುದಿಲ್ಲ, ಕುಡಿದು ಲೋಟ ಕೊಡುತ್ತಾರೆ. ಬಾಯಿಮಾತಿಗೆ ನಮ್ಮಲ್ಲಿ ಬೆಲೆಯಿಲ್ಲ. ಬಾಯಲ್ಲಿ ಎಲ್ಲರೂ "ಬರ್ರಿ, ಬರ್ರಿ" ಅನ್ನುತ್ತಾರೆ.

ನನ್ನ ಚಿಗವ್ವ, ಅವ್ವನ ತಂಗಿ ನಿಂಬೆವ್ವ, ಆ ಮಜ್ಜಿಗೆ ಕುಡಿದವಳು. ಮೊದಲು ಬಂದ ಗಂಡುಗಳು ಅವಳಿಗೆ ಬೇಡವಾಗಿದ್ದವು. ಅವರ ಗಾಡಿಗಳು ನಮ್ಮ ಓಣಿಯನ್ನೇ ಕಾಣಲಿಲ್ಲ. ಕೊನೆಗೆ ಪಂಚಾಕ್ಷರಿ ಎಂಬ ಶಾಲೆಯ ಮಾಸ್ತರನ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಚಿಗವ್ವನಿಗೆ ಎಷ್ಟು ಖುಷಿಯಾಗಿತ್ತೆಂದರೆ ಆಮೇಲೆ ನಮ್ಮ ಕಡೆಯಿಂದ ಹೊರಟ ಗಾಡಿಯಲ್ಲಿ ರೂಢಿ ಮೀರಿ ತಾನೇ ಮುಂದಿನ ಸೀಟಿನಲ್ಲಿ ಕೂತಿದ್ದಳಂತೆ. ಅವಳೇ ಅವನ ಹೆಸರು ಹೇಳಿದಳು. ರಸ್ತೆ ಬಹಳ ಹೊತ್ತು ಓಡಿಸಿ ಅವಳನ್ನು ಮನೆಯ ಮುಂದೆ ತಂದು ಬಿಟ್ಟಿತು. ಇಡೀ ಓಣಿ ಹೊರಗೆ ನಿಂತಿತ್ತು. ಆಗ ಅವಳಿಗೆ ನನ್ನ ಈಗಿನ ವಯಸ್ಸು. ಈಗ ನಲವತ್ತು ದಾಟಿದೆ. ಅವಳದು ಕುಕ್ಕರ್, ಮಿಕ್ಸರ್ ರಿಪೇರಿ ಅಂಗಡಿ. ಆವತ್ತಿನಿಂದ ಅವಳು ಗಾಡಿಯಲ್ಲಿ ಕೂತು ಯಾವ ಗಂಡಸಿನ ಹೆಸರನ್ನೂ ಹೇಳಿಲ್ಲ. ಸ್ಕ್ರೂ ಬೇಕಾದರೂ ಅಂಗಡಿಯವನ ಹೆಂಡತಿಯ ಹೆಸರು ಹೇಳುತ್ತಾಳೆ.

ಈ ಚಿಗವ್ವ ಒಂದು ಬೆಳಿಗ್ಗೆ ನಾನು ಮೊಟ್ಟೆಯ ಟ್ರೇ ಜೋಡಿಸುತ್ತಿದ್ದಾಗ ಬಂದು, ಪರದೇಶಕ್ಕೆ ಗಾಡಿ ಹೊಡೆಯಲು ನಿನ್ನಿಂದ ಆಗುತ್ತದೆಯೇ ಎಂದು ಕೇಳಿದಳು. ನನ್ನ ಕೈಯಲ್ಲಿದ್ದ ಟ್ರೇ ಬೀಳುವುದೊಂದು ಬಾಕಿ. ಗಡಿಯಾಚೆ ಮೋನಪ್ಪ ಎಂಬುವನಿದ್ದಾನೆ, ಕುಕ್ಕರಿನ ಗ್ಯಾಸ್ಕೆಟ್ ಸಗಟು ಮಾರುವವನು. ಚಿಗವ್ವ ವರ್ಷಗಳಿಂದ ಅವನಿಂದ ಫೋನಿನಲ್ಲೇ ಮಾಲು ತರಿಸುತ್ತಿದ್ದಳು. ಗ್ಯಾಸ್ಕೆಟ್ ಮಾತು ಬೇಗ ಮುಗಿಯುವಂಥದ್ದು, ಆದರೆ ಇವಳ ಫೋನು ಬಿಸಿಯಾಗುವವರೆಗೂ ನಡೆಯುತ್ತಿತ್ತು. ನನಗೂ ಆಯಿಗೂ ಇದು ಗೊತ್ತಿತ್ತು, ಕೇಳಿರಲಿಲ್ಲ. ಆಯಿ ಎಂದರೆ ಚಿಗವ್ವನ ತಾಯಿ. ಹುಡುಗಿಯರ ಹಾಸ್ಟೆಲ್ ಬಿಟ್ಟ ಮೇಲೆ ನಾನು ಇರುವುದು ಅವರಿಬ್ಬರ ಜೊತೆ. ಮೋನಪ್ಪ ಹಲವು ಸಲ ಬಂದು ಹೋಗಿ ಅಂದಿದ್ದನಂತೆ. ತನ್ನ ಅಕ್ಕನೂ ಮನೆಯಲ್ಲಿದ್ದಾಳೆ, ಮನೆ, ಅಂಗಡಿ, ತನ್ನ ಮುಖ ಎಲ್ಲ ನೋಡಿ, ಆಮೇಲೆ ಮುಂದಿನ ಮಾತು ಅಂದಿದ್ದನಂತೆ.

"ಅವ ಬಾ ಅಂದಾನು. ಬಾಯಿಲೆ ಯಾರ್ ಅನ್ನೂದಿಲ್ಲ?" ಅಂದಳು ಚಿಗವ್ವ. "ದಾರಿ ಏನ್ ಅಂತೈತಿ ನೋಡಬೇಕು."

ಅಲ್ಲಿಯ ದಾರಿ ಏನೂ ಅನ್ನುವುದಿಲ್ಲ ಎಂದು ಹೇಳಿದೆ. ಹಾಸ್ಟೆಲ್ಲಿನ ಲೈಬ್ರರಿಯಲ್ಲಿ ರಟ್ಟು ಹರಿದ ಒಂದು ಅಟ್ಲಾಸ್ ಇತ್ತು. ಅದರಲ್ಲಿ ಬೇರೆ ದೇಶಗಳ ರಸ್ತೆಗಳನ್ನು ಕೆಂಪು ಗೆರೆ ಎಳೆದು ತೋರಿಸಿದ್ದರು. ಮುದ್ರಿಸಿದ ಮೇಲೂ ಅವು ಅಲ್ಲೇ ಇರುತ್ತವೆ ಎಂಬ ನಂಬಿಕೆ ಅವರಿಗೆ ಹೇಗೆ ಬಂತು ಎಂದು ನಾನು ಎಷ್ಟೋ ದಿನ ಯೋಚಿಸಿದ್ದೆ. ಅಲ್ಲಿ ರಸ್ತೆ ಸತ್ತಂತೆ ಬಿದ್ದಿರುತ್ತದೆ, ನಾವೇ ಎಡ ಬಲ ನೋಡಿ ತಿರುಗಬೇಕು, ಯಾವ ಕಡೆ ಎಂದು ಹೇಳಲು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಳ್ಳಬೇಕು ಎಂದು ವಿವರಿಸಿದೆ. ಚಿಗವ್ವ ಇದಿಷ್ಟನ್ನೂ ಕೇಳಿ, ಹಾಗಾದರೆ ಆ ಆ್ಯಪ್ಪಿಗೆ ಗೊತ್ತಿರುತ್ತದೆ ಅಂದಳು. ಅವಳು ಹೇಳಿದ್ದು ಮೋನಪ್ಪನ ಮನಸ್ಸಿನ ಬಗ್ಗೆ ಎಂದು ಆಗ ನನಗೆ ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಸ್ಟೀರಿಂಗ್ ತಿರುಗುತ್ತಿತ್ತು.

ಆ್ಯಪ್ ಆರಿಸುವುದು ಮನೆಯಲ್ಲಿ ಹಬ್ಬದ ಕೆಲಸವಾಯಿತು. ಮೂರು ಇಳಿಸಿಕೊಂಡೆ. ಅವುಗಳ ಇಂಗ್ಲಿಷ್ ಹೆಸರು ಆಯಿಯ ನಾಲಿಗೆಗೆ ಹೊರಳದ್ದರಿಂದ ಚಿತ್ರ ನೋಡಿ ಬಾಣ, ಹಕ್ಕಿ, ಆಮೆ ಎಂದು ಕರೆದೆವು. ಪರೀಕ್ಷೆ ಮಾಡೋಣವೆಂದರೆ ನಮ್ಮೂರಿನಲ್ಲಿ ಮೂರೂ ಕೆಟ್ಟವು. ಬಾಣ ದಿನವಿಡೀ ಹುಡುಕುತ್ತಿದ್ದೇನೆ ಅಂದಿತು. ಹಕ್ಕಿ ನಾವು ಒಂದು ಕೆರೆಯ ನಡುವೆ ಇದ್ದೇವೆ ಅಂದಿತು. ಆಮೆ ಮಾತ್ರ, ಇಲ್ಲಿ ರಸ್ತೆ ಇಲ್ಲ ಎಂದು ಒಂದೇ ಸಲ ಹೇಳಿ ಸುಮ್ಮನಾಯಿತು. ನನಗೆ ಅದರ ಮೇಲೆ ಅಲ್ಲೇ ಗೌರವ ಬಂತು. ಬಳಸಿದವರು ಬರೆದದ್ದನ್ನೆಲ್ಲ ಓದಿದೆ. ಬಾಣ ಟ್ರಾಫಿಕ್ ಎಲ್ಲಿದೆ ಎಂದು ಮೊದಲೇ ಹೇಳುತ್ತದೆ, ಆದರೆ ನೆಟ್ ಹೋದ ಕ್ಷಣ ಕುರುಡು. ಗಡಿ ದಾಟಿದ ಮೇಲೆ ಘಟ್ಟ ಇಳಿಯುವವರೆಗೆ ನೆಟ್ ಇಲ್ಲ. ಹಕ್ಕಿಯ ಮೇಲೆ ಒಬ್ಬ, ಇದು ನನ್ನನ್ನು ಬೀಗ ಹಾಕಿದ ಗೇಟಿಗೆ ಕರೆದೊಯ್ದು ಶುಭ ಪ್ರಯಾಣ ಹೇಳಿತು ಎಂದು ಬರೆದಿದ್ದ. ಆಮೆಯಲ್ಲಿ ಇಡೀ ದೇಶದ ನಕ್ಷೆಯನ್ನು ಮನೆಯಲ್ಲೇ ಫೋನಿಗೆ ತುಂಬಿಕೊಂಡು ಹೋಗಬಹುದು, ನೆಟ್ ಬೇಕಿಲ್ಲ. ಅದರ ಮಾತು ಮಾತ್ರ ಒರಟು. ಎಡಕ್ಕೆ ತಿರುಗು, ಬಲಕ್ಕೆ ತಿರುಗು, ನಿಲ್ಲು. ಅಷ್ಟೇ.

ಆಯಿ ಹಕ್ಕಿಯ ಪಕ್ಷ. ಅದರದು ಒಬ್ಬ ಹೆಣ್ಣುಮಗಳ ದನಿ, ದಯವಿಟ್ಟು ಎಡಕ್ಕೆ ತಿರುಗಿ ಅನ್ನುತ್ತಿತ್ತು. ಆಯಿ ಅದನ್ನು ಸುಮ್ಮಸುಮ್ಮನೆ ಹಾಕಿಸಿಕೊಂಡು ಕೇಳುತ್ತಿದ್ದಳು. "ಎಷ್ಟ್ ಮರ್ಯಾದಿ ಕೊಟ್ ಮಾತಾಡತಾಳ ನೋಡು. ನಿನ್ನ ಆಮಿ ದನಾ ಹೊಡದಂಗ ಹೊಡೀತೈತಿ," ಅಂದಳು. ಮರ್ಯಾದೆಯಿಂದ ಘಟ್ಟ ಇಳಿಯಲು ಆಗುವುದಿಲ್ಲ ಅಂದೆ. ಮೋನಪ್ಪನ ಮನೆ ಹುಡುಕಲು ಚಿಗವ್ವ ತಾನೇ ಆಮೆಯಲ್ಲಿ ಅವನ ಹೆಸರು ಟೈಪು ಮಾಡಿದಳು. ಮೋನಪ್ಪ ಟಯರ್ಸ್, ಮೋನಪ್ಪ ಕೋಳಿ ಅಂಗಡಿ, ಮೋನಪ್ಪ ಲಾಡ್ಜ್ ಎಂದು ಪರದೆ ತುಂಬ ಮೋನಪ್ಪಂದಿರು ಬಂದರು. ಅವಳ ಮುಖ ಸಣ್ಣದಾಯಿತು. ಅಲ್ಲಿ ಹೆಸರು ನಡೆಯುವುದಿಲ್ಲ, ಜಾಗ ಕೇಳು ಎಂದು ಅವನಿಂದ ಲೊಕೇಶನ್ ತರಿಸಿದೆ. ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕೆ ಕೂತಿತು. ಚಿಗವ್ವ ಅದರ ಮೇಲೆ ಬೆರಳಿಟ್ಟು, ಇವನು ಎದ್ದು ಅಡುಗೆಮನೆಗೆ ಹೋದರೆ ಇದೂ ಸರಿಯುತ್ತದೆಯೇ ಎಂದು ಕೇಳಿದಳು. ಇಲ್ಲ ಅಂದೆ. ಆಮೆಗೇ ಅವಳೂ ಒಪ್ಪಿದಳು.

ತಿರುಗುವುದನ್ನು ಕಲಿಯಲು, ಕಾವಲುಗಾರನ ಹೆಸರು ಹೇಳಿ ವಸ್ತುಪ್ರದರ್ಶನದ ಖಾಲಿ ಮೈದಾನಕ್ಕೆ ಹೋದೆ. ಅಲ್ಲಿ ರಸ್ತೆ ಇಲ್ಲದ್ದರಿಂದ ಗಾಡಿ ನನ್ನ ಕೈಯಲ್ಲೇ ಉಳಿಯುತ್ತಿತ್ತು. ಮೊದಲ ಸಲ ಸ್ಟೀರಿಂಗ್ ಎಡಕ್ಕೆ ಎಳೆದಾಗ ವ್ಯಾನು ಎಡಕ್ಕೆ ಹೋಯಿತು. ನಾನು ಎಳೆದದ್ದಕ್ಕೆ ಹೋಯಿತು. ನನಗೆ ಕಿರುಚಬೇಕು ಅನ್ನಿಸಿ, ಬದಲು ಹಾರ್ನ್ ಒತ್ತಿದೆ. ಬಲಕ್ಕೆ ಎಳೆದೆ, ಬಲಕ್ಕೆ ಬಂತು. ಹಿಂದೆ ಖಾಲಿ ಟ್ರೇಗಳು ಚಪ್ಪಾಳೆ ಹೊಡೆಯುತ್ತಿದ್ದವು. ಮನೆಗೆ ಬಂದು ಊಟಕ್ಕೆ ಕೂತಾಗ ತಟ್ಟೆಯ ಅಂಚು ಹಿಡಿದು ತಿರುಗಿಸುತ್ತಿದ್ದೆನಂತೆ. ಆಯಿ ಕೈಮೇಲೆ ಹೊಡೆದಳು.

ಹೊರಡುವ ದಿನ ಚಿಗವ್ವ ಹೊಸ ಇಳಕಲ್ ಸೀರೆ ಉಟ್ಟು ಬಂದು, ವ್ಯಾನಿನ ಮೈಮೇಲಿನ 'ತಾಜಾ ಮೊಟ್ಟೆ' ಎಂಬ ದೊಡ್ಡ ಅಕ್ಷರಗಳನ್ನು ನೋಡಿ ಒಳಗೆ ಹೋದಳು. ಒಂದು ಚಾದರ ತಂದು ಅದರ ಮೇಲೆ ಬಿಗಿದು ಕಟ್ಟಿದಳು. ಒಳಗಿನ ವಾಸನೆಗೆ ಊದುಬತ್ತಿ ಹಚ್ಚಿದಳು. ಗಡಿ ಮುಟ್ಟಲು ಚೌಕಿಯ ಪೇದೆ ದುಂಡಪ್ಪನ ಹೆಸರು ಹೇಳಬೇಕು. ಇಡೀ ದಿನ ಮಾತಾಡುವವರಿಲ್ಲದೆ ಅವನು ಯಾರು ಬಂದರೂ ಸಾಕೆಂದು ಕಾಯುತ್ತಿರುತ್ತಾನೆ, ಹಾಗಾಗಿ ಆ ದಾರಿ ಯಾವಾಗಲೂ ಹತ್ತಿರ. ಅವನು ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ, ಗೇಟು ಎತ್ತಿ, ಅಲ್ಲಿಯವರು ರಸ್ತೆ ಮೇಲೆ ಬಿಳಿ ಬಣ್ಣದಲ್ಲಿ ಏನೇನೋ ಬರೆದಿರುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ ಅಂದ.

ಗೇಟಿನ ಆಚೆ ಮೊದಲ ತಿರುವು. ಆಮೆ, ಎಡಕ್ಕೆ ತಿರುಗು ಅಂದಿತು. ತಿರುಗಿಸಿದೆ. ರಸ್ತೆ ನಮಗಾಗಿ ಒಂದಿಷ್ಟೂ ಸರಿಯಲಿಲ್ಲ, ನಾವೇ ಅದರ ಮೇಲೆ ಹೊರಳಿದೆವು. ಚಿಗವ್ವ ಕಿಟಕಿಯ ಹಿಡಿ ಬಿಗಿಯಾಗಿ ಹಿಡಿದಿದ್ದವಳು ಮೂರನೆಯ ತಿರುವಿನಲ್ಲಿ ನಗತೊಡಗಿದಳು. ಘಟ್ಟದಲ್ಲಿ ನಾನು ಎಡ, ಬಲ, ಮತ್ತೆ ಎಡ ಎಂದು ಎಳೆಯುತ್ತಿದ್ದರೆ ಅವಳೂ ನನ್ನ ಜೊತೆ ಆ ಕಡೆ ಈ ಕಡೆ ವಾಲುತ್ತಿದ್ದಳು. ಬೇಡದವರ ಮನೆಯ ಮುಂದೆಯೂ ಈ ರಸ್ತೆ ಹೋಗುತ್ತದಲ್ಲ ಎಂದು ಒಂದು ಸಲ ಆಶ್ಚರ್ಯಪಟ್ಟಳು. ಹೋಗುತ್ತದೆ ಅಂದೆ. ಯಾರೂ ಕರೆಯದ ನೂರಾರು ಮನೆಗಳ ಮುಂದೆ ನಾವು ಹಾಗೆಯೇ ಹಾದು ಹೋದೆವು. ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದವರು ತಲೆ ಎತ್ತಿಯೂ ನೋಡಲಿಲ್ಲ. ಇಷ್ಟು ಖುಷಿ ನನಗೆ ಯಾವ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಘಟ್ಟ ಇಳಿದ ಮೇಲೆ ಒಂದು ದೊಡ್ಡ ಹೊಳೆ ಬಂತು. ಅದರ ಮೇಲೆ ಹೊಸ ಸೇತುವೆ. ಕಂಬಗಳ ಸಿಮೆಂಟು ಇನ್ನೂ ಬೆಳ್ಳಗಿತ್ತು. ಮೋನಪ್ಪನ ಊರಿನ ಹೆಸರು, ಪಕ್ಕದಲ್ಲಿ ನೇರ ಬಾಣ ಇರುವ ಬೋರ್ಡು ನೋಡಿ ನಾನು ಸೇತುವೆ ಹತ್ತಿದೆ. ಅರ್ಧಕ್ಕೆ ಬಂದಾಗ ಆಮೆ ಮಾತಾಡಿತು. ಹಿಂದಕ್ಕೆ ತಿರುಗು. ನಾನು ಮುಂದೆ ಹೋದೆ. ಹಿಂದಕ್ಕೆ ತಿರುಗು, ಅಂದಿತು ಮತ್ತೆ.

ಚಿಗವ್ವನ ನಗು ನಿಂತಿತು. ಗಾಡಿ ನಿಲ್ಲಿಸು ಅಂದಳು. ಬದಿಗೆ ಹಾಕಿ ನಿಲ್ಲಿಸಿದೆ. ಕಾಲ ಬಳಿ ಇದ್ದ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು, ಇಳಿಯುವ ಸ್ಟಾಪು ಬಂದವರ ಹಾಗೆ.

"ಒಲ್ಲೆ ಅಂದ," ಅಂದಳು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಸಿಟ್ಟು ಬಂತು. ನಕ್ಷೆ ಹಳೆಯದು, ಅದನ್ನು ಮಾಡಿದಾಗ ಈ ಸೇತುವೆ ಇರಲಿಲ್ಲ, ಈಗ ಆಮೆಯ ಲೆಕ್ಕದಲ್ಲಿ ನಾವು ನೀರಿನ ಮೇಲೆ ನಿಂತಿದ್ದೇವೆ, ಅದಕ್ಕೇ ಹಾಗೆ ಅನ್ನುತ್ತಿದೆ ಎಂದು ಪರದೆ ತೋರಿಸಿ ಹೇಳಿದೆ. ನಮ್ಮ ಗುರುತು ನಿಜವಾಗಿಯೂ ನೀಲಿ ಬಣ್ಣದ ನಡುವೆ ಇತ್ತು. ಅವಳು ನೋಡಿದಳು, ತಲೆ ಆಡಿಸಿದಳು, ಚೀಲ ಕೆಳಗಿಡಲಿಲ್ಲ. ಮನೆಗೆ ಹೋಗೋಣ, ಆಯಿ ಮಜ್ಜಿಗೆ ಮಾಡಿಟ್ಟಿರುತ್ತಾಳೆ ಅಂದಳು. ಇಷ್ಟು ದೂರ ತಂದು ತಿರುಗಿಸಿತಲ್ಲ, ಊರಿನಲ್ಲಿ ತಿರುಗಿಸಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ ಅಂದಳು.

"ಚಿಗವ್ವ, ಈ ದಾರಿಗೆ ಯಾರ ಮನಸೂ ಗೊತ್ತಿಲ್ಲ. ನಿನ್ನದೂ ಗೊತ್ತಿಲ್ಲ, ಅವನದೂ ಗೊತ್ತಿಲ್ಲ," ಅಂದೆ.

"ಮತ್ತ ಇಲ್ಲಿ ಮಂದಿಗೆ ಹ್ಯಾಂಗ ತಿಳೀತೈತಿ?"

"ಕೇಳತಾರ."

"ಬಾಯಿಬಿಟ್ಟು?"

"ಹೌದು. ಬಾಯಿಬಿಟ್ಟ ಕೇಳತಾರ."

ಅವಳು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಡುಬೀದಿಯಲ್ಲಿ ಸೀರೆ ಬಿಚ್ಚು ಎಂದು ನಾನು ಹೇಳಿದಂತಿತ್ತು. ನಮ್ಮೂರಿನಲ್ಲಿ ಯಾರೂ ಯಾರನ್ನೂ ನಾನು ಬರಲೇ ಎಂದು ಕೇಳಿದ್ದಿಲ್ಲ. ಕೇಳುವ ಅಗತ್ಯವೇ ಬಿದ್ದಿಲ್ಲ. ಗ್ಯಾಸ್ಕೆಟ್ ಬಗ್ಗೆ ವರ್ಷಗಟ್ಟಲೆ ಮಾತಾಡಿದವಳು ಈಗ ಫೋನನ್ನು ಕೈಯಲ್ಲಿ ಹಿಡಿದು ಅದರ ಗಾಜು ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. ಹಿಂದಿನಿಂದ ಬಂದ ಒಂದು ಲಾರಿ ಬೈಯುತ್ತ ದಾಟಿ ಹೋಯಿತು. ಆಮೆ ತನ್ನ ಪಾಡಿಗೆ ಹಿಂದಕ್ಕೆ ತಿರುಗು ಅನ್ನುತ್ತಿತ್ತು. ಚಿಗವ್ವ ನಂಬರು ಒತ್ತಿ, ಕಿವಿಗೆ ಇಟ್ಟುಕೊಳ್ಳುವ ಧೈರ್ಯವಾಗದೆ ಸ್ಪೀಕರ್ ಹಾಕಿ ನಮ್ಮಿಬ್ಬರ ನಡುವೆ ಇಟ್ಟಳು.

"ನಾ ನಿಂಬೆವ್ವ ರೀ. ಸೇತುವಿ ಮ್ಯಾಲೆ ನಿಂತೀವಿ. ಒಂದ್ ಮಾತ್ ಕೇಳತೀನಿ, ಖರೇ ಹೇಳ್ರಿ." ಅನ್ನುತ್ತಲೇ ಇದ್ದ ಆಮೆಯ ಮೇಲೆ ಅಂಗೈ ಒತ್ತಿದಳು. "ನಾ ಬರೂದು ನಿಮಗ ಬೇಕೋ, ಬ್ಯಾಡೋ?"

ಕೆಳಗೆ ಹೊಳೆಯ ಸದ್ದು ಕೇಳುತ್ತಿತ್ತು. ಇವನು ಈಗ ಅಯ್ಯೋ ಬನ್ನಿ ಬನ್ನಿ ಅಂದರೆ ಮುಗಿಯಿತು, ಚಿಗವ್ವ ನಂಬುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಸ್ಟೀರಿಂಗ್ ಹಿಡಿದು ಕೂತೆ.

"ಬೆಳಿಗ್ಗೆಯಿಂದ ಅಂಗಡಿ ಗುಡಿಸ್ತಾ ಇದ್ದೇನೆ," ಅಂದ ಮೋನಪ್ಪ. ಅಲ್ಲಿಯವರು ಮಾತನ್ನು ಎಳೆದೆಳೆದು ಆಡುತ್ತಾರೆ. "ಗುಡಿಸಿದ್ದನ್ನೇ ಗುಡಿಸೋದು. ಊಟ ಸೇರಲಿಲ್ಲ. ನಿಜ ಹೇಳ್ಬೇಕಾದ್ರೆ, ಇವರು ಬಾರದಿದ್ರೆ ಒಳ್ಳೇದಿತ್ತು ಅಂತ ಒಮ್ಮೆ ಅನ್ನಿಸಿದ್ದೂ ಉಂಟು. ನನಗೆ ಹೆದರಿಕೆ ಆಗ್ತದೆ ನಿಂಬೆವ್ವ. ನೀವು ನೋಡಿ ಹೋಗಿಬಿಟ್ರೆ ಅಂತ." ಪೊರಕೆ ಒಮ್ಮೆ ಸರ್ರೆಂದ ಸದ್ದು ಕೇಳಿತು. "ಆದ್ರೂ ಬನ್ನಿ. ಅಲ್ಲಿಂದ ವಾಪಸು ಹೋಗ್ಬೇಡಿ."

ಚಿಗವ್ವ ಫೋನು ಕಟ್ ಮಾಡಿ ಕೈಗೆತ್ತಿಕೊಂಡಳು. ಎದುರಿನ ಗಾಜಿನಲ್ಲಿ ಹೊಳೆಯ ಆಚೆ ದಡ, ತೆಂಗಿನ ಮರ, ಒಂದಿಷ್ಟು ತಗಡಿನ ಮಾಡು ಕಾಣುತ್ತಿತ್ತು.

"ಸುಳ್ಳ ಹೇಳಾವ ಹೆದರಿಕಿ ಆಗತೈತಿ ಅಂತ ಯಾಕ ಹೇಳತಾನ?" ಅಂದಳು ಕೊನೆಗೆ. ಸುಳ್ಳು ಹೇಳುವವನು ಹಾಗೆ ಹೇಳುವುದಿಲ್ಲ ಅಂದೆ ನಾನು. "ಇವ ನಮ್ಮೂರಾಗ ಇದ್ದಿದ್ರ ದಾರಿ ಏನ್ ಮಾಡತಿತ್ತು?"

"ಗೊತ್ತಿಲ್ಲ. ಬ್ಯಾಡ ಅಂದ್ಕೊಂಡ ಹೊತ್ತಿನ್ಯಾಗ ನೀ ಹೊಂಟಿದ್ರ ತಿರುಗಿಸ್ತಿತ್ತು."

ಅವಳು ಫೋನನ್ನು ಚೀಲದೊಳಗೆ ಹಾಕಿದಳು. "ಆ ಮಾಸ್ತರಗೂ ಹೆದರಿಕೀನ ಇತ್ತೇನೋ," ಅಂದಳು.

ಇರಬಹುದು, ಆದರೆ ಅವನು ಬಂದು ಹೇಳಲಿಲ್ಲವಲ್ಲ ಅಂದೆ.

"ನಾನೂ ಕೇಳಲಿಲ್ಲ," ಅಂದು ಚೀಲವನ್ನು ಕಾಲ ಬಳಿ ಇಟ್ಟಳು. "ಗಾಡಿ ಬಿಡು."

ಬಿಟ್ಟೆ. ಸೇತುವೆಯ ಮೇಲಿನ ಗಾಳಿ ಜೋರಾಗಿತ್ತು. ಆಮೆ ಇನ್ನೂ ಹಿಂದಕ್ಕೆ ತಿರುಗು ಅನ್ನುತ್ತಲೇ ಇತ್ತು. ಚಿಗವ್ವ ಅದರ ಕಡೆ ಬಾಗಿ, "ಕೇಳಿಸ್ತವ್ವಾ, ಇನ್ನ ಸುಮ್ಕಿರು," ಅಂದಳು. ನಾನು ಆಕ್ಸಿಲರೇಟರ್ ಒತ್ತಿದೆ. ದಾರಿ ಬೇಡ ಅಂದರೂ ಗಾಡಿ ಮುಂದೆ ಹೋಗುತ್ತಿತ್ತು. ನಮ್ಮೂರಿನಲ್ಲಿ ಇದನ್ನು ಕಂಡವರು ಯಾರೂ ಇಲ್ಲ.

ಸೇತುವೆಯ ತುದಿಯಲ್ಲಿ ಒಬ್ಬ ದಪ್ಪನೆಯ ಗಂಡಸು ನಿಂತಿದ್ದ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ, ಕೈಯಲ್ಲಿ ಪೊರಕೆ ಇತ್ತು. ಫೋನು ಇಟ್ಟವನು ಪೊರಕೆಯನ್ನು ಕೆಳಗಿಡಲು ಮರೆತು ಓಡಿ ಬಂದಿದ್ದಾನೆ. ನಾನು ಬ್ರೇಕ್ ಹಾಕುವ ಹೊತ್ತಿಗೆ ಗಾಳಿಗೆ ಚಾದರ ಕಿತ್ತುಕೊಂಡು ಹಾರಿಹೋಯಿತು. ಅವನು ಮೊದಲು ಓದಿದ್ದು 'ತಾಜಾ ಮೊಟ್ಟೆ'. ಚಿಗವ್ವ ಇಳಿದಳು. ಇಬ್ಬರೂ ಮೂರು ಮಾರು ದೂರದಲ್ಲಿ ನಿಂತುಬಿಟ್ಟರು. ನೋಡಲು ಅವನು ಏನೂ ಚೆಂದವಿರಲಿಲ್ಲ. ಚಿಗವ್ವನ ಹೊಸ ಸೀರೆಗೂ ಮೊಟ್ಟೆಯ ಟ್ರೇಯ ಹುಲ್ಲು ಅಂಟಿಕೊಂಡಿತ್ತು.

"ಊಟ ಆತೇನ್ರಿ?" ಎಂದು ಕೇಳಿದಳು ಚಿಗವ್ವ.

"ಹೇಳಿದೆನಲ್ಲ, ಸೇರಲಿಲ್ಲ," ಅಂದ ಅವನು.

"ನಂದೂ ಆಗಿಲ್ಲ."

ಊಟಕ್ಕೆ ಅವನ ಅಕ್ಕ ಬಂಗುಡೆ ಮೀನು ಮಾಡಿದ್ದಳು. ಚಿಗವ್ವ ಮೀನು ಮುಟ್ಟುವವಳಲ್ಲ, ಮಜ್ಜಿಗೆ ಅನ್ನ ಉಂಡಳು. ಮನೆ ಪರವಾಗಿಲ್ಲ, ಅಂಗಡಿ ದೊಡ್ಡದು, ಕುಕ್ಕರಿನ ರಿಪೇರಿ ಮಾತ್ರ ಅವನಿಗೆ ಚೂರೂ ಬರುವುದಿಲ್ಲ. ಎಂಟು ದಿನ ಅಕ್ಕನ ಜೊತೆ ಇದ್ದು ನೋಡುತ್ತೇನೆ, ಆಮೇಲೆ ನಾನೇ ಬಾಯಿಬಿಟ್ಟು ಹೇಳುತ್ತೇನೆ ಎಂದು ಚಿಗವ್ವ ಅವನ ಮುಖಕ್ಕೇ ಹೇಳಿದಳು. ಒಂದೇ ದಿನದಲ್ಲಿ ಅವಳಿಗೆ ಅದು ರೂಢಿಯಾಗಿತ್ತು. ಮದುವೆ ಆಗುತ್ತದೋ ಇಲ್ಲವೋ ನಾನು ಹೇಳಲಾರೆ. ನನಗೆ ಮೊಟ್ಟೆಯ ಕೆಲಸವಿತ್ತು, ಮರುದಿನ ಒಬ್ಬಳೇ ಹೊರಟೆ. ಆಮೆ ಸೇತುವೆಯ ಮೇಲೆ ಮತ್ತೆ ಗಾಬರಿಯಾಯಿತು. ಘಟ್ಟದ ತಿರುವುಗಳನ್ನು ಈ ಸಲ ಅದು ಹೇಳುವ ಮೊದಲೇ ನಾನು ತೆಗೆದುಕೊಂಡೆ. ದುಂಡಪ್ಪನ ಗೇಟು ದಾಟಿ ಆಯಿಯ ಹೆಸರು ಹೇಳಿದೆ. ರಸ್ತೆ ಮೆತ್ತಗೆ ಸರಿಯತೊಡಗಿತು. ಕೈಗಳಿಗೆ ಕೆಲಸವಿಲ್ಲದೆ ಬೇಜಾರಾಯಿತು.

ಓಣಿಯವರು ಹೊರಗೆ ನಿಂತಿದ್ದರು. ಗಾಡಿ ಮರಳಿ ಬಂದಿದೆ, ಎಲ್ಲರಿಗೂ ಅಷ್ಟು ಸಾಕಾಗಿತ್ತು. ಆಯಿ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದಳು. ವ್ಯಾನಿನ ಪಕ್ಕದ ಸೀಟಿನ ಕಡೆ ನೋಡದೆ ಲೋಟ ನನ್ನ ಕೈಗೆ ಕೊಟ್ಟು, ರೂಢಿಯಂತೆ ಕೇಳಿದಳು.

"ದಾರಿ ಏನಂತು?"

"ಹಿಂದಕ್ಕ ತಿರುಗು ಅಂತು," ಅಂದೆ.

ಓಣಿಯವರು ತಲೆ ತಗ್ಗಿಸಿದರು. ಆಯಿ ಈಗ ವ್ಯಾನಿನ ಆಚೆ ಬದಿಗೆ ನೋಡಿದಳು. ಸೀಟು ಖಾಲಿ ಇತ್ತು.

"ನಿಂಬಿ ಎಲ್ಲಿ?"

"ಆಕಿ ಮುಂದ ಹೋದ್ಲು."

ಆಯಿ ಆ ಮಾತನ್ನು ಅಗಿಯುವವಳ ಹಾಗೆ ಬಾಯಿ ಆಡಿಸಿದಳು. ಹಾಗೆ ಹೋಗಲು ಬರುತ್ತದೆಯೇ ಎಂದು ಕೇಳಿದಳು. ಅಲ್ಲಿ ಬರುತ್ತದೆ ಅಂದೆ. ಅವಳು ನನ್ನ ಕೈಯಿಂದ ಲೋಟ ಕಿತ್ತುಕೊಂಡು ಓಣಿಯವರೆಲ್ಲ ನೋಡುತ್ತಿರುವಂತೆಯೇ ಆ ಮಜ್ಜಿಗೆಯನ್ನು ತಾನೇ ಗಟಗಟ ಕುಡಿದಳು. ಸೆರಗಿನಿಂದ ತುಟಿ ಒರೆಸಿಕೊಂಡಳು.

"ಬರೂ ವಾರ ನನ್ನೂ ಕರಕೊಂಡ್ ಹೋಗು," ಅಂದಳು. "ಹಕ್ಕಿ ಹಾಕು. ಹಿಂದಕ್ಕ ತಿರುಗು ಅನ್ನೂದಿದ್ರ ಮರ್ಯಾದಿ ಕೊಟ್ಟರ ಅನ್ಲಿ."